ಕರ್ತನೇ, ಮೊದಲು ನಿಜ ಹೇಳಿಬಿಡ್ತೀನಿ

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲ್ ರೈಲು ಹಿಡಿದರೂ ಒಂದು ಗಂಟೆಯ ದಾರಿ. 14 ವರ್ಷದಿಂದ ನನ್ನ ಬೆಳಗಿನ ಪ್ರಾರ್ಥನೆ ಅಲ್ಲೇ, ಲೇಡೀಸ್ ಡಬ್ಬಾದಲ್ಲಿ. ಮನೆಯಲ್ಲಿ ಅಡುಗೆ, ನೀರು, ಮಗಳ ಸ್ಕೂಲು ಅಂತ ಓಡಾಟ. ರೈಲಿನಲ್ಲಿ ಮಾತ್ರ ಕಣ್ಣು ಮುಚ್ಚಬಹುದು.

ಮುಂಬೈ ಲೋಕಲ್‌ನಲ್ಲಿ ಸೀಟು ಹಿಡಿಯುವ ಪದ್ಧತಿ ಎಲ್ಲರಿಗೂ ಗೊತ್ತು. ಕೂತವರನ್ನು ‘ಕಿಧರ್ ಉತರೋಗೆ?’, ಎಲ್ಲಿ ಇಳಿಯುತ್ತೀರಿ ಅಂತ ಕೇಳಬೇಕು. ಮೊದಲು ಕೇಳಿದವರಿಗೆ ಆ ಜಾಗ. ಒಂದು ದಿನ ಹತ್ತಿದ ಕೂಡಲೇ ‘ಕರ್ತನೇ, ಠಾಣೆಯಲ್ಲಾದರೂ ಸೀಟು ಸಿಗಲಿ’ ಅಂತ ಬೇಡಿಕೊಂಡೆ. ಸಿಕ್ಕಿತು. ಕೂತು ‘ಸ್ತೋತ್ರ ತಂದೆ’ ಅಂದೆ. ನನಗಿಂತ ಒಂದು ಕ್ಷಣ ತಡವಾಗಿ ಕೇಳಿದ ಹೆಂಗಸು ನನ್ನ ಮುಂದೆಯೇ ಹಿಡಿಕೆ ಹಿಡಿದು ನಿಂತಿದ್ದರು. ಅವರ ಊಟದ ಚೀಲ ದಾದರ್‌ವರೆಗೂ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅವರು ಏನು ಬೇಡಿಕೊಂಡಿದ್ದರೋ? ಆ ಪ್ರಶ್ನೆ ಅವತ್ತು ಬಂದು ಅವತ್ತೇ ಹೋಯಿತು.

ಮತ್ತೆ ಬಂದದ್ದು ನಮ್ಮ ಚರ್ಚಿನ ಸಭೆಯಲ್ಲಿ. ಅಲ್ಲಿ ಮರಾಠಿ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡದ್ದು. ಹುಬ್ಬಳ್ಳಿ, ಗದಗ, ಬೀದರ್ ಕಡೆಯವರೇ ಜಾಸ್ತಿ. ಅವತ್ತು ಸಭಾಪಾಲಕರು ಬೈಬಲಿನ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯ ಓದಿದರು. ನೀವು ಬೇಡಿದರೂ ನಿಮಗೆ ಸಿಗುವುದಿಲ್ಲ, ಯಾಕೆಂದರೆ ಬೇಡುವ ಉದ್ದೇಶವೇ ಸರಿಯಿಲ್ಲ, ನಿಮ್ಮ ಸುಖಕ್ಕೆ ಬಳಸಿಕೊಳ್ಳಲು ಬೇಡುತ್ತೀರಿ ಅನ್ನುತ್ತದೆ ಮೂರನೇ ವಚನ. ಮನೆಗೆ ಬಂದು ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡೆ. ಒಂದು ವಾರ, ಪ್ರಾರ್ಥನೆಯಲ್ಲಿ ಏನೇನು ಹೇಳಿದೆನೋ ಅದನ್ನು ರಾತ್ರಿ ಇದ್ದ ಹಾಗೇ ಬರೆದಿಟ್ಟೆ. ವಾರದ ಕೊನೆಗೆ ಕೆಂಪು ಪೆನ್ನಿನಿಂದ ‘ನನಗೆ’, ‘ನನ್ನ’, ‘ನಮ್ಮ ಮನೆಗೆ’ ಅನ್ನುವ ಮಾತುಗಳ ಕೆಳಗೆ ಗೆರೆ ಎಳೆದೆ. 43 ಗೆರೆ. ತಂಗಿಯ ಹೆಸರು ಒಂದೇ ಸಲ ಬಂದಿತ್ತು: ‘ಅವಳಿಗೆ ಬಲ ಕೊಡು.’

ತಂಗಿಯ ವಿಷಯ ಹೇಳಲೇಬೇಕು. ನಮ್ಮೂರು ಗದಗದ ಪಕ್ಕದ ಬೆಟಗೇರಿ. ಅವ್ವನ ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ತಾಸು, ಹೋಗಿ ಬರುವುದರಲ್ಲಿ ಇಡೀ ದಿನ ಹೋಗುತ್ತದೆ. ತಂಗಿಯೇ ಕರೆದುಕೊಂಡು ಹೋಗುತ್ತಾಳೆ. ಹೊಲಿಗೆ ಮಷಿನ್ ಮೇಲೆ ಅವಳ ಸಂಸಾರ ನಡೆಯಬೇಕು, ಆ ಎರಡು ದಿನ ಮಷಿನ್ ಮುಚ್ಚಿಯೇ ಇರುತ್ತದೆ.

ನಾನು ಪ್ರತಿ ಮನೆಪ್ರಾರ್ಥನೆಯಲ್ಲೂ ಅವ್ವನಿಗಾಗಿ ವಿನಂತಿ ಇಡುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಒಳ್ಳೊಳ್ಳೆಯ ಮಾತು ಜೋಡಿಸಿ ಬೇಡುತ್ತಿದ್ದೆ. ಕೊನೆಗೆ ‘ನಿನ್ನ ಚಿತ್ತದಂತೆ ಆಗಲಿ’ ಅನ್ನುತ್ತಿದ್ದೆ. ಎಲ್ಲರೂ ‘ಆಮೆನ್’ ಅನ್ನುತ್ತಿದ್ದರು. ನೋಟ್‌ಬುಕ್ ಮುಂದಿಟ್ಟುಕೊಂಡು ಕೂತ ರಾತ್ರಿ ತಂಗಿಯ ಫೋನ್ ಬಂತು. ಅವ್ವನ ಕೈ ಊದಿಕೊಂಡಿದೆ, ಡಾಕ್ಟರು ನೋಡಬೇಕಂತೆ ಅಂದಳು. ನನ್ನ ಮನಸ್ಸಿಗೆ ಮೊದಲು ಬಂದದ್ದು ಅವ್ವನ ಕೈ ಅಲ್ಲ. ಆಫೀಸಿನಲ್ಲಿ ಮಾರ್ಚ್ ಲೆಕ್ಕ ಮುಗಿಸುವ ಹೊತ್ತು, ರಜೆ ಹಾಕು ಅಂದರೆ ಏನು ಮಾಡಲಿ ಅನ್ನುವುದು.

ಫೋನ್ ಇಟ್ಟು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತೆ. ಬಾಯಿಗೆ ರೂಢಿಯ ಮಾತೇ ಬರಲಿಲ್ಲ. ‘ಕರ್ತನೇ, ನಿಜ ಹೇಳ್ತೀನಿ. ಅವ್ವ ಗುಣವಾಗಲಿ ಅಂತ ಕೇಳುವಾಗ, ನಾನು ಊರಿಗೆ ಹೋಗುವ ಪ್ರಸಂಗ ಬರದೇ ಇರಲಿ ಅಂತಲೇ ಕೇಳ್ತಿದ್ದೆ. ತಂಗಿಗೆ ಬಲ ಕೊಡು ಅಂದದ್ದೂ ಅದಕ್ಕೇ. ಅವಳು ಫೋನ್ ಮಾಡಿದರೆ ನನಗೆ ಸಿಟ್ಟು ಬರ್ತದೆ.’ ಅಷ್ಟೇ ಹೇಳಿದೆ. ಹೇಳಿದ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾಚಿಕೆ ಇತ್ತು, ಆದರೆ ಹೆದರಿಕೆ ಇರಲಿಲ್ಲ. ಲೂಕನ 18ನೇ ಅಧ್ಯಾಯದಲ್ಲಿ ಸುಂಕದವನು ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ‘ಪಾಪಿಯಾದ ನನ್ನನ್ನು ಕರುಣಿಸು’ ಅಂತ ಒಂದೇ ಮಾತು ಹೇಳುತ್ತಾನಲ್ಲ, ನೀತಿವಂತನೆನಿಸಿಕೊಂಡು ಮನೆಗೆ ಹೋದದ್ದು ಅವನೇ. ಚಿಕ್ಕಂದಿನಿಂದ ಕೇಳಿದ ಕಥೆ. ಅವತ್ತು ಅವನ ಪಕ್ಕದಲ್ಲಿ ನಿಂತ ಹಾಗಿತ್ತು.

ಅವತ್ತಿನಿಂದ ನಾನು ಹಿಡಿದ ಕ್ರಮ ಒಂದೇ: ನಿಜವಾಗಿ ಏನು ಬೇಕೋ ಅದನ್ನು ಮೊದಲು ಹೇಳುವುದು. ‘ನಿನ್ನ ಚಿತ್ತ’ ಆಮೇಲೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದ್ದೂ ಹಾಗೇ ಅಲ್ವಾ? ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಅಂತ ಬೆವರು ಸುರಿಸಿ ಕೇಳಿದ ಮೇಲೆಯೇ ನಿನ್ನ ಚಿತ್ತದಂತೆ ಆಗಲಿ ಅಂದದ್ದು. ಒಂದು ಸಲ ಹೇಳಿ ಎದ್ದು ಬರಲೂ ಇಲ್ಲ. ಮೂರು ಸಲ ಹೋಗಿ ಅದನ್ನೇ ಪ್ರಾರ್ಥಿಸಿದ ಅಂತ ಮತ್ತಾಯನು ಬರೆಯುತ್ತಾನೆ. ನಾನು ‘ನಿನ್ನ ಚಿತ್ತ’ ಅನ್ನುವುದನ್ನು ಮುಚ್ಚಳದ ಹಾಗೆ ಬಳಸುತ್ತಿದ್ದೆ. ಒಳಗೆ ಏನಿದೆ ಅಂತ ನನಗೂ ಕಾಣಬಾರದು, ಸಭೆಯವರಿಗೂ ಕಾಣಬಾರದು. ದೇವರಿಗೆ ಕಾಣದೇ ಇರುತ್ತದೆಯೇ?

ಮಾತು ಬರದ ದಿನ ಬೈಬಲಿನ ಕೀರ್ತನೆಗಳನ್ನು ಓದುತ್ತೇನೆ. 150ರಲ್ಲಿ ಎಷ್ಟೋ ಕೀರ್ತನೆಗಳು ಬರೀ ಅಳಲು. 13ನೆಯದು ‘ಎಲ್ಲಿಯವರೆಗೆ’ ಅಂತ ದೇವರನ್ನೇ ಕೇಳುತ್ತದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಿಲ್ಲ ಅನ್ನುವುದೇ ನನಗೆ ದೊಡ್ಡ ಧೈರ್ಯ.

ಬೇರೆಯವರಿಗಾಗಿ ಬೇಡುವುದು ಇದರ ಹಿಂದೆಯೇ ಬಂತು. ನನ್ನ ಹೊಟ್ಟೆಯೊಳಗಿನದನ್ನು ಹೇಳಿ ಮುಗಿಸಿದ ಮೇಲೆ ಪ್ರಾರ್ಥನೆಯಲ್ಲಿ ಜಾಗ ಉಳಿಯುತ್ತಿತ್ತು. ಆ ಜಾಗದಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳತೊಡಗಿದೆ. ಅದರಲ್ಲಿ ‘ನನಗೆ’ ಅನ್ನುವ ಮಾತು ಒಂದು ಕಡೆಯೂ ಇಲ್ಲ. ನಮ್ಮ ತಂದೆಯೇ, ನಮ್ಮ ಅನುದಿನದ ಆಹಾರ, ನಮ್ಮ ತಪ್ಪುಗಳು. ಮನೆಯಲ್ಲಿ ಹೇಳುವಾಗ ‘ನಮ್ಮ’ ಅಂದರೆ ನಾವು ಮೂವರು ಅಂದುಕೊಂಡಿದ್ದೆ. ಡೊಂಬಿವಲಿ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಹೇಳುವಾಗ ಹಾಗೆ ಅಂದುಕೊಳ್ಳಲು ಆಗುವುದಿಲ್ಲ. ಬಾಗಿಲಲ್ಲಿ ನಿಂತು ಬಟಾಣಿ ಸುಲಿಯುವವಳು, ಕ್ಲಿಪ್ಪು ಮಾರುವ ಹುಡುಗಿ, ಎಲ್ಲರೂ ಆ ‘ನಮ್ಮ’ದೊಳಗೆ ಬರುತ್ತಾರೆ. ಒಂದು ದಿನಕ್ಕೆ ಒಬ್ಬರ ಮುಖ ನೋಡಿ ಬೇಡುತ್ತೇನೆ. ಸೀಟನ್ನೂ ಕೇಳುತ್ತೇನೆ. ಕಾಲು ನೋಯುತ್ತದೆ ಅಂತಲೇ ಹೇಳಿ ಕೇಳುತ್ತೇನೆ.

ಪ್ರಾರ್ಥನೆ ಅಲ್ಲಿಗೇ ನಿಲ್ಲಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನ ಸಂಗಡ ಒಂದಾಗು ಅನ್ನುವ ಮಾತು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಎರಡು ದಿನ ಬಿಟ್ಟು ತಂಗಿಗೆ ಫೋನ್ ಮಾಡಿದೆ. ಅವ್ವನ ಸುದ್ದಿ ಕೇಳಲಿಲ್ಲ. ‘ನೀ ಸರಿ ಮಲಗಾಕತ್ತಿ ಏನು?’ ಅಂದೆ. ಆಕಡೆ ಮಾತಿಲ್ಲ. ಆಮೇಲೆ, ‘ಹಾಲಿನವ ಬರೂ ಹೊತ್ತಿಗೆ ಎಚ್ಚರನ ಇರ್ತೀನಿ ಅಕ್ಕಾ’ ಅಂದಳು. ಅವಳ ಮೇಲೆ ನನಗೆ ಬರುತ್ತಿದ್ದ ಸಿಟ್ಟಿನ ಮಾತನ್ನೂ ಅವಳಿಗೆ ಹೇಳಿದೆ. ‘ನನಗೂ ನಿನ್ ಮ್ಯಾಲೆ ಭಾಳ ಸಿಟ್ಟದ’ ಅಂದಳು. ಇಬ್ಬರೂ ಅತ್ತೆವು.

ಏಪ್ರಿಲ್‌ನಲ್ಲಿ ಹತ್ತು ದಿನ ರಜೆ ಹಾಕಿ ರಾತ್ರಿಯ ಗಾಡಿಗೆ ಗದಗಕ್ಕೆ ಹೋದೆ. ಡಯಾಲಿಸಿಸ್‌ಗೆ ನಾನೇ ಕರೆದುಕೊಂಡು ಹೋದೆ, ತಂಗಿ ಮಷಿನ್ ಮುಂದೆ ಕೂತಳು. ಅವ್ವನ ತೋಳಿಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಆ ಜಾಗ ಗಂಟುಗಂಟಾಗಿದೆ. ಅದನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ಮೆಷಿನ್ ಶುರುವಾದ ಮೇಲೆ ಅವ್ವ ಕಣ್ಣು ಮುಚ್ಚಿದಳು, ತುಟಿ ಅಲುಗುತ್ತಿತ್ತು. ಏನು ಬೇಡಿಕೊಂಡಿ ಅಂತ ಆಮೇಲೆ ಕೇಳಿದೆ.

‘ಸೂಜಿ ಹಾಕೂ ಹುಡುಗಿ ಮದುವಿ ನಿಂತೈತಿ, ಆಕೀಗಿ ಒಂದು. ಬಾಜೂ ಪಲ್ಲಂಗದ ಮುದುಕಗ ಒಂದು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಂದೂ ಒಂದು ಇಟ್ಟೀನಿ ಮತ್ತ. ಮುಂದಿನ ಸಲ ಒಮ್ಮಿ ಚುಚ್ಚಿದ ಕೂಡ್ಲೆ ನರ ಸಿಗಲಿ ಅಂತ.’