ಕಾರ್ಮಿಕರ ವಿಮೆ: ಪ್ರೀಮಿಯಂ ಆಮೇಲೆ ನೋಡಿ, ಮೊದಲು ಯಾರು ಯಾವ ಕೆಲಸ ಮಾಡ್ತಾರೆ ಬರೀರಿ

ಕೆಲಸದ ಜಾಗದಲ್ಲಿ ಪೆಟ್ಟಾದ್ರೆ ಪರಿಹಾರ ಕೊಡೋ ಈ ವಿಮೆನ ತುಂಬಾ ಮಾಲೀಕರು ಗಾಡಿ ಇನ್ಶೂರೆನ್ಸ್ ಥರ ಮಾಡಿಸಿಬಿಡ್ತಾರೆ, ಏಜೆಂಟ್ ತಂದ ಫಾರ್ಮಿಗೆ ಸೈನ್ ಹಾಕಿ ಸುಮ್ನಾಗ್ತಾರೆ. ಆಮೇಲೆ ಯಾರೋ ಮೇಲಿಂದ ಬಿದ್ದಾಗ ಕಾಗದದಲ್ಲಿ ಆತ ಆಫೀಸ್ ಸಿಬ್ಬಂದಿ ಅಂತಿರುತ್ತೆ, ವಿಮೆ ಕಂಪನಿಯವರು ತಕರಾರು ತೆಗೀತಾರೆ, ಆತನ ಮನೆಯವರು ಆಸ್ಪತ್ರೆ ಬಿಲ್ ಹಿಡ್ಕೊಂಡು ಓಡಾಡ್ತಾರೆ. ಇದನ್ನ ಮತ್ತೆ ಮತ್ತೆ ನೋಡಿದ್ದಕ್ಕೇ ಬರೀತಿದೀನಿ.

ಒಂದು ಉದ್ಯಮಕ್ಕೂ ಇನ್ನೊಂದಕ್ಕೂ ರೇಟ್ ಬೇರೆ ಇರೋದು ಇವತ್ತಿನ ವಿಷಯ ಅಲ್ಲ. ಜರ್ಮನಿಯಲ್ಲಿ 1884ರಲ್ಲಿ ಅಪಘಾತ ವಿಮೆ ಕಾನೂನು ಬಂದಾಗಲೇ ಉದ್ಯಮಕ್ಕೊಂದು ಸಂಘ ಮಾಡಿ, ಅಪಾಯ ಎಷ್ಟಿದೆ ನೋಡಿ ಮಾಲೀಕರಿಂದ ವಂತಿಗೆ ತಗೊಳ್ತಿದ್ರು. ಇವತ್ತಿಗೂ ಲೆಕ್ಕ ಹೆಚ್ಚುಕಮ್ಮಿ ಅದೇ: ಪೆಟ್ಟು ಎಷ್ಟು ಸಲ ಆಗುತ್ತೆ, ಆದ್ರೆ ಎಷ್ಟು ದೊಡ್ಡದಾಗುತ್ತೆ. ಹೋಟೆಲ್ ಅಡುಗೆಮನೆಯಲ್ಲಿ ಕೈ ಕುಯ್ಯೋದು, ಸುಟ್ಕೊಳ್ಳೋದು, ಜಾರಿ ಬೀಳೋದು ಪದೇ ಪದೇ ಆಗ್ತಾನೇ ಇರುತ್ತೆ, ಆದ್ರೆ ಹೆಚ್ಚಿನವು ಸಣ್ಣವು. ಎತ್ತರದಲ್ಲಿ ಚಾವಣಿ ಕೆಲಸ ಮಾಡೋನಿಗೆ ಒಂದೇ ಸಲ ಆದ್ರೂ ಬೆನ್ನುಮೂಳೆ ಮುರೀಬಹುದು, ಜೀವಾನೇ ಹೋಗಬಹುದು. ಆಸ್ಪತ್ರೆಯಲ್ಲಿ ರೋಗಿನ ಎತ್ತಿ ಮಲಗಿಸಿ ನರ್ಸ್‌ಗಳ ಬೆನ್ನು ಹಿಡ್ಕೊಳ್ಳುತ್ತೆ, ಸೂಜಿ ಚುಚ್ಚುತ್ತೆ.

ಮೊದಲ ಹಂತ ಸುಲಭ. ಹುದ್ದೆ ಹೆಸರು ಬಿಟ್ಟು, ಒಬ್ಬೊಬ್ರೂ ದಿನವಿಡೀ ನಿಜವಾಗಿ ಏನು ಮಾಡ್ತಾರೆ ಅಂತ ಒಂದು ಹಾಳೇಲಿ ಬರೀರಿ.

ಎರಡನೇ ಹಂತ ಕ್ಲಾಸ್ ಹಾಕೋದು, ಅಂದ್ರೆ ಒಂದೊಂದು ಕೆಲಸನ ಅದರ ಅಪಾಯಕ್ಕೆ ತಕ್ಕ ಗುಂಪಿಗೆ ಸೇರಿಸೋದು, ಎಲ್ರೂ ಎಡವೋದು ಇಲ್ಲೇ. ಪ್ರೀಮಿಯಂ ಅಂದ್ರೆ ಸಂಬಳದ ಮೊತ್ತಕ್ಕೆ ಆ ಕೆಲಸದ ಕ್ಲಾಸಿನ ರೇಟ್ ಹಾಕಿ ತೆಗೆಯೋ ಲೆಕ್ಕ. ಕೆಲವು ಕಡೆ ಇಡೀ ಸಂಸ್ಥೆಗೆ ಅದರ ಮುಖ್ಯ ಕೆಲಸದ ಕ್ಲಾಸ್ ಒಂದನ್ನೇ ಹಾಕಿ ಗುಮಾಸ್ತರು, ಹೊರಗೆ ಸುತ್ತೋ ಸೇಲ್ಸ್‌ನವರು ಇಂಥವರನ್ನ ಮಾತ್ರ ಬೇರೆ ಮಾಡ್ತಾರೆ, ಕೆಲವು ಕಡೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ, ಹಾಗಾಗಿ ನಿಮ್ಮ ಪಾಲಿಸಿಯಲ್ಲಿ ಯಾವ ಪದ್ಧತಿ ಅಂತ ಮೊದಲೇ ಕೇಳ್ಕೊಳ್ಳಿ. ಮರಗೆಲಸದವನನ್ನೇ ತಗೊಳ್ಳಿ, ವರ್ಕ್‌ಶಾಪಲ್ಲಿ ಕೂತು ಬಾಗಿಲು ಮಾಡಿದ್ರೆ ಒಂದು ಕ್ಲಾಸ್, ಅದೇ ಬಾಗಿಲು ತಗೊಂಡೋಗಿ ಕಟ್ಟಡದ ನಾಲ್ಕನೇ ಮಹಡೀಲಿ ಕೂರಿಸಿದ್ರೆ ಅದು ಬೇರೇನೇ. ಆಫೀಸ್ ಕ್ಲಾಸ್ ಬೇಕಂದ್ರೆ ಆ ವ್ಯಕ್ತಿ ಯಂತ್ರಗಳ ಜಾಗದಿಂದ ಬೇರೆಯಾಗಿ ಕೂತು ಬರೀ ಲೆಕ್ಕಪತ್ರ ನೋಡ್ಬೇಕು, ಮಧ್ಯೆ ಮಧ್ಯೆ ಲೋಡ್ ಇಳಿಸೋಕೆ ಕರೆದ್ರೆ ಆತ ಆಫೀಸಿನವನಲ್ಲ.

ಎರಡು ಥರದ ಕೆಲಸ ಮಾಡೋರಿಗೆ ದಿನದಿನದ ಗಂಟೆ ಲೆಕ್ಕ ಬರೆದಿಡಿ. ವರ್ಷದ ಕೊನೇಲಿ ಕೂತು ಅರ್ಧ ಅದು ಅರ್ಧ ಇದು ಅಂತ ಅಂದಾಜು ಹಾಕಿದ್ರೆ ಸಂಬಳದ ಲೆಕ್ಕ ಪರಿಶೀಲಿಸೋ ವಿಮೆ ಕಂಪನಿಯ ಆಡಿಟ್‌ನವರು ಒಪ್ಪಲ್ಲ, ಬಹಳ ಕಡೆ ದಾಖಲೆ ಇಲ್ಲಾಂದ್ರೆ ಪೂರ್ತಿ ಸಂಬಳವನ್ನ ಜಾಸ್ತಿ ರೇಟಿನ ಕ್ಲಾಸಿಗೇ ಹಾಕ್ತಾರೆ. ಎಲ್ರನ್ನೂ ಕಮ್ಮಿ ರೇಟಲ್ಲಿ ತೋರಿಸೋಣ ಅನ್ನೋ ಏಜೆಂಟ್‌ನ ಅವತ್ತೇ ಬಿಡಿ, ಸುಳ್ಳು ಮಾಹಿತಿ ಕೊಟ್ಟ ಹೊಣೆ ನಿಮ್ಮ ತಲೆಗೇ ಬರೋದು. ಇನ್ನೊಂದು, ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿನ ಇದ್ರ ಬದಲಿಗೆ ಅಂತ ಮಾರ್ತಾರೆ, ಅದ್ರಲ್ಲಿ ನಿಗದಿ ಆದ ಮೊತ್ತ ಬರುತ್ತೆ ಅಷ್ಟೇ, ಮಾಲೀಕನ ಮೇಲೆ ಕಾನೂನು ಹೊರಿಸೋ ಜವಾಬ್ದಾರಿಗೆ ಅದು ಆಗಲ್ಲ. ಜೊತೆಗೆ ಇಟ್ಕೊಳ್ಳಿ ಬೇಕಾದ್ರೆ.

ಸಂಬಳ ಇದ್ದಿದ್ದನ್ನ ಇದ್ದಂಗೆ ತೋರಿಸಿ.

ಮುಂದಿನದು ಕಾಯಿಲೆ, ಇದನ್ನ ಕೇಳೋರೇ ಕಮ್ಮಿ. 1925ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದದಲ್ಲೇ ಸೀಸದ ವಿಷ, ಪಾದರಸದ ವಿಷ, ಆಂಥ್ರಾಕ್ಸ್ ಇವಕ್ಕೆಲ್ಲ ಅಪಘಾತದ ಹಾಗೇ ಪರಿಹಾರ ಕೊಡ್ಬೇಕು ಅಂತ ಸೇರಿಸಿದ್ರು. ಕಲ್ಲು ಕೊರೆಯೋರಿಗೆ ಸಿಲಿಕೋಸಿಸ್ (ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ), ಹತ್ತಿ ಗಿರಣಿಯಲ್ಲಿ ಬಿಸಿನೋಸಿಸ್ (ಹತ್ತಿ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ), ಬ್ಯಾಟರಿ ಕೆಲಸದಲ್ಲಿ ಸೀಸ, ಸದ್ದು ಜಾಸ್ತಿ ಇರೋ ಕಡೆ ಕಿವುಡು. ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ, ಇನ್ನೂ ಜಾಸ್ತಿ ಆದ್ಮೇಲೆ ಕಾಣಿಸ್ಕೊಳ್ಳುತ್ತೆ, ಅಷ್ಟರಲ್ಲಿ ಆತ ಮಾಲೀಕನ್ನೇ ಬದಲಾಯಿಸಿರ್ತಾನೆ. ಅದಕ್ಕೇ ಧೂಳಿನ ಕೆಲಸಕ್ಕೆ ಸೇರುವಾಗಲೇ ಎಕ್ಸ್‌ರೇ, ಉಸಿರಾಟದ ಪರೀಕ್ಷೆ ಮಾಡಿಸಿ ಒಂದು ಕಾಪಿ ಅವ್ರ ಕೈಗೂ ಕೊಡಿ. ಪಾಲಿಸಿಯಲ್ಲಿ ಕಾಯಿಲೆ ಹೊರಗಿಟ್ಟಿದ್ರೆ ಅಂಥದ್ದು ಈ ಉದ್ಯಮಗಳಿಗೆ ಬೇಡವೇ ಬೇಡ, ಎಷ್ಟೇ ಅಗ್ಗ ಇದ್ರೂ.

ಕಟ್ಟಡದ ಕೆಲಸದವರು ಗುತ್ತಿಗೆದಾರನ ವಿಮೆ ಪತ್ರ ತಾರೀಖು ಸಮೇತ ನೋಡದೆ ಆತನ ಕೆಲಸಗಾರರನ್ನ ಒಳಗೆ ಬಿಡಬೇಡಿ. ಆತನ ಹತ್ರ ವಿಮೆ ಇಲ್ಲಾಂದ್ರೆ ಅನೇಕ ದೇಶಗಳ ಕಾನೂನಲ್ಲಿ ಹೊಣೆ ಕೆಲಸ ಕೊಟ್ಟೋರ ಮೇಲೆ ಬರುತ್ತೆ. ಕೃಷಿ ಮತ್ತು ಮನೆಗೆಲಸದಲ್ಲಂತೂ ಹಲವು ದೇಶಗಳ ಕಾನೂನು ಪೂರ್ತಿ ರಕ್ಷಣೆನೇ ಕೊಡಲ್ಲ, ಹಾಗಂತ ಬಿಡಬೇಡಿ, ಸ್ವಂತವಾಗಿ ಸೇರಿಸೋಕಾಗುತ್ತಾ ಅಂತ ಕೇಳಿ ಮಾಡಿಸಿ.

ಕೊನೇದಾಗಿ, ನಡುವರ್ಷದಲ್ಲಿ ಕೆಲಸ ಬದಲಾದ್ರೆ ತಕ್ಷಣ ತಿಳಿಸಿ. ಇಷ್ಟು ದಿನ ಬರೀ ತಯಾರಿಕೆ ಮಾಡ್ತಿದ್ದೋರು ಸ್ವಂತ ಗಾಡಿ ತಗೊಂಡು ಡೆಲಿವರಿ ಶುರು ಮಾಡಿದ್ರೆ ರಸ್ತೆಯ ಅಪಾಯ ಹೊಸದಾಗಿ ಸೇರ್ಕೊಳ್ಳುತ್ತೆ. ಬಾಯಿಮಾತಲ್ಲಿ ಹೇಳಿದ್ರೆ ಸಾಲದು, ಕಂಪನಿಗೆ ಬರೆದು ಕಳ್ಸಿ, ಡ್ರೈವರ್ ಹೆಸರು ಸೇರಿಸಿರೋ ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ಬದಲಾವಣೆ ಮಾಡಿದ ಪತ್ರ) ಕೈಗೆ ಬರೋವರೆಗೂ ಗಾಡಿ ಹೊರಗೆ ಕಳಿಸಬೇಡಿ.