ಕೆಸರಿನ ಕಟ್ಟಡವನ್ನು ಲಾರಿಯ ಕಡೆಯಿಂದ ಯೋಜಿಸಿದ್ದು

ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಬಂದವರೆಲ್ಲ ನೋಡುವುದು ನೀರನ್ನು. ಕಪ್ಪಾಗಿ ಬಂದದ್ದು ತಿಳಿಯಾಗಿ ಹೊರಗೆ ಹೋಗುತ್ತದೆ. ಆ ಕಪ್ಪು ಎಲ್ಲಿ ಹೋಯಿತು ಎಂದು ಕೇಳುವವರು ಕಡಿಮೆ. ಅದು ಎಲ್ಲೂ ಹೋಗಿರುವುದಿಲ್ಲ. ಕೆಸರಾಗಿ ಟ್ಯಾಂಕುಗಳ ತಳದಲ್ಲಿ ಕೂತಿರುತ್ತದೆ. ಹೊತ್ತುಹೊತ್ತಿಗೆ ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಿಳಿನೀರಿನ ಜೊತೆ ಅದೂ ಹೊರಗೆ ಹೋಗತೊಡಗುತ್ತದೆ. ನನ್ನ ವೃತ್ತಿಯ ಬಹುಪಾಲು ಕಳೆದದ್ದು ಈ ಕೆಸರಿನ ಜೊತೆಗೇ. ಮೊದಲು ಘಟಕ ನಡೆಸುವವನಾಗಿ, ಆಮೇಲೆ ವಿನ್ಯಾಸ ಮಾಡುವವನಾಗಿ. ಒಂದು ನಗರದ ಘಟಕಕ್ಕೆ ಹೊಸ ಕೆಸರು ಸಂಸ್ಕರಣಾ ಕಟ್ಟಡ ಯೋಜಿಸುವ ಹೊಣೆ ಬಂದಾಗ ನಾನು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಭೆಯಲ್ಲೇ ಕೆಸರಿನಿಂದ ನೀರು ಹಿಂಡುವ ಯಂತ್ರಗಳ ಮಾತು ಶುರುವಾಯಿತು. ಸೆಂಟ್ರಿಫ್ಯೂಜೋ, ಬೆಲ್ಟ್ ಪ್ರೆಸ್ಸೋ, ಸ್ಕ್ರೂ ಪ್ರೆಸ್ಸೋ? ಇಲ್ಲಿಂದ ಹೊರಡುವ ಲಾರಿ ಎಲ್ಲಿಗೆ ಹೋಗುತ್ತದೆ ಎಂಬುದು ತೀರ್ಮಾನ ಆಗುವ ತನಕ ಯಂತ್ರದ ಹೆಸರು ಎತ್ತುವುದು ಬೇಡ ಎಂದು ಕೇಳಿಕೊಂಡೆ. ಹೊಲಕ್ಕೆ ಹೋಗುವುದಾದರೆ ರೋಗಾಣು ಮತ್ತು ಭಾರಲೋಹಗಳ ಮಿತಿ ನೋಡಬೇಕು. ಮಳೆ ಬಿದ್ದ ಹೊಲಕ್ಕೆ ಲಾರಿ ಇಳಿಯುವುದಿಲ್ಲವಾದ್ದರಿಂದ ಅಷ್ಟು ಕಾಲಕ್ಕೆ ದಾಸ್ತಾನು ಜಾಗವೂ ಬೇಕು. ಸುಡುವುದಾದರೆ ಕೇಕ್, ಅಂದರೆ ನೀರು ಹಿಂಡಿದ ಮೇಲೆ ಉಳಿಯುವ ಗಟ್ಟಿ ಕೆಸರು, ತನ್ನಷ್ಟಕ್ಕೆ ಉರಿಯುವಷ್ಟು ಒಣಗಿರಬೇಕು, ಇಲ್ಲದಿದ್ದರೆ ಇಂಧನ ಸುರಿಯಬೇಕು. ಅಮೆರಿಕದ 1993ರ 503ನೇ ನಿಯಮ ಜೈವಿಕ ಘನಗಳನ್ನು, ಅಂದರೆ ಸಂಸ್ಕರಿಸಿದ ಕೆಸರನ್ನು, 'ಎ', 'ಬಿ' ಎಂದು ಎರಡು ದರ್ಜೆ ಮಾಡಿದೆ. 'ಎ' ದರ್ಜೆಗೆ ಒಂದು ಗ್ರಾಂ ಒಣ ಘನದಲ್ಲಿ (ನೀರೆಲ್ಲ ತೆಗೆದರೆ ಉಳಿಯುವ ಭಾಗ) ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1000ಕ್ಕಿಂತ ಕಡಿಮೆ ಇರಬೇಕು, 'ಬಿ' ದರ್ಜೆಗೆ 20 ಲಕ್ಷದೊಳಗೆ ಇದ್ದರೆ ಸಾಕು. ಕಾಗದದ ಮೇಲೆ ಇದು ಒಂದು ಅಕ್ಷರದ ವ್ಯತ್ಯಾಸ. ಕಟ್ಟಡದಲ್ಲಿ ಅದು ಬಾಯ್ಲರ್, ಉಷ್ಣ ಸಂಸ್ಕರಣೆ, ಹೆಚ್ಚುವರಿ ಟ್ಯಾಂಕು, ಒಂದು ಇಡೀ ಅಂತಸ್ತು ಆಗಿಬಿಡುತ್ತದೆ. ನಮ್ಮ ಕೆಸರಿಗೆ ಹೊಲವೇ ಮೊದಲ ದಾರಿ, ಅದು ಮುಚ್ಚಿದ ದಿನಗಳಿಗೆ ದಾಸ್ತಾನು ಎಂದು ಬರಹದಲ್ಲಿ ಒಪ್ಪಿಗೆ ಆದ ಮೇಲೆಯೇ ಲೆಕ್ಕಕ್ಕೆ ಕೂತೆವು.

ಲೆಕ್ಕವನ್ನು ನಾನು ಯಾವಾಗಲೂ ಒಣ ಘನದಲ್ಲೇ ಮಾಡುತ್ತೇನೆ. ಕೆಸರಿನ ಗಾತ್ರ ನಂಬುವಂಥದ್ದಲ್ಲ, ನೀರು ಸೇರಿದಂತೆ ಹಿಗ್ಗುತ್ತದೆ. 1 ಟನ್ ಒಣ ಘನ 2 ಶೇಕಡಾ ಕೆಸರಿನಲ್ಲಿದ್ದರೆ ಒಟ್ಟು ತೂಕ 50 ಟನ್, 5 ಶೇಕಡಾ ಆದರೆ 20 ಟನ್, 25 ಶೇಕಡಾ ಕೇಕ್ ಆದರೆ ಬರೀ 4 ಟನ್. ಒಂದು ಉದಾಹರಣೆ ನೋಡಿ. ದಿನಕ್ಕೆ 20 ಟನ್ ಒಣ ಘನ ಬರುವ ಘಟಕ. ಅದರಲ್ಲಿ ಮುಕ್ಕಾಲು ಭಾಗ, ಅಂದರೆ 15 ಟನ್, ಸಾವಯವ. ಡೈಜೆಸ್ಟರಿನಲ್ಲಿ, ಅಂದರೆ ಗಾಳಿಯಿಲ್ಲದೆ ಕೆಸರನ್ನು ಕೊಳೆಸುವ ಮುಚ್ಚಿದ ಟ್ಯಾಂಕಿನಲ್ಲಿ, 35ರಿಂದ 37 ಡಿಗ್ರಿ ಶಾಖದಲ್ಲಿ ಮೂರು ವಾರದ ಹತ್ತಿರ ಇದ್ದು ಅದರಲ್ಲಿ ಅರ್ಧ ಅನಿಲವಾಗಿ ಹೋಯಿತು ಎನ್ನೋಣ. ಉಳಿಯುವುದು 12.5 ಟನ್. ಕೇಕ್ 25 ಶೇಕಡಾ ಬಂದರೆ ದಿನಕ್ಕೆ 50 ಟನ್ ಸಾಗಿಸಬೇಕು, 20 ಶೇಕಡಾ ಬಂದರೆ 62.5 ಟನ್. 15 ಟನ್ ಹೊರುವ ಲಾರಿಯಾದರೆ ದಿನಕ್ಕೆ ನಾಲ್ಕು, ಇಲ್ಲವೇ ಐದು. ಆ ಐದನೆಯ ಲಾರಿ ವರ್ಷವಿಡೀ ಹೊತ್ತು ತಿರುಗುವುದು ನೀರನ್ನು. ಹಣಕಾಸಿನವರಿಗೆ ಒಳ್ಳೆಯ ಯಂತ್ರದ ಬೆಲೆಯನ್ನು ಒಪ್ಪಿಸಿದ್ದು ಈ ಒಂದು ಸಾಲು.

ಯಂತ್ರದ ಗಾತ್ರವನ್ನು ನಿರ್ಧರಿಸುವುದು ಕೆಸರಿಗಿಂತ ಹೆಚ್ಚಾಗಿ ಶಿಫ್ಟು. ಇದು ಬಹಳ ಜನಕ್ಕೆ ಆಶ್ಚರ್ಯ ಅನ್ನಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಕೆಸರು 5 ಶೇಕಡಾಕ್ಕೆ ಗಟ್ಟಿಯಾಗಿ ಡೈಜೆಸ್ಟರಿಗೆ ಹೋದರೆ ದಿನಕ್ಕೆ ಸುಮಾರು 400 ಘನ ಮೀಟರ್. ಹಗಲು ರಾತ್ರಿ ಏಳೂ ದಿನ ಓಡಿಸಿದರೆ ಗಂಟೆಗೆ 17 ಘನ ಮೀಟರ್ ಎಳೆಯುವ ಯಂತ್ರ ಸಾಕು. ವಾರಕ್ಕೆ ಐದು ದಿನ ಒಂದೇ ಶಿಫ್ಟ್ ಎಂದರೆ ದಿನಕ್ಕೆ 560 ಘನ ಮೀಟರ್. ಎಂಟು ಗಂಟೆಯಲ್ಲಿ ಶುರು ಮಾಡಿ ಹದಕ್ಕೆ ತರಲು, ಕೊನೆಗೆ ತೊಳೆದು ನಿಲ್ಲಿಸಲು ಒಂದು ಗಂಟೆ ಹೋಗುತ್ತದೆ. ಉಳಿದ ಏಳು ಗಂಟೆಯಲ್ಲಿ ಗಂಟೆಗೆ 80. ಅದೇ ಕೆಸರು, ಆದರೆ ಸುಮಾರು ಐದು ಪಟ್ಟು ಯಂತ್ರ. ಹಾಗಾಗಿ ನಕ್ಷೆಗಿಂತ ಮುಂಚೆ ಸಿಬ್ಬಂದಿ ಪಟ್ಟಿ ಬೇಕು ಎಂದು ಹಠ ಹಿಡಿದೆ. ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಒಬ್ಬರೇ ಇದ್ದರೆ ಸೆಂಟ್ರಿಫ್ಯೂಜ್ ಓಡಿಸಲು ಬಿಡುತ್ತೀರಾ, ಇದನ್ನು ಆಡಳಿತ ಮೊದಲೇ ಹೇಳಬೇಕು. ಕೊನೆಗೆ ಎರಡು ಶಿಫ್ಟ್, ಒಂದು ಯಂತ್ರ ಯಾವಾಗಲೂ ಹೆಚ್ಚುವರಿ ಎಂದು ನಿರ್ಧಾರವಾಯಿತು.

ಶಿಫ್ಟಿನ ತೀರ್ಮಾನಕ್ಕೆ ಇನ್ನೊಂದು ಬಾಲವಿದೆ. ಕೆಸರಿನಿಂದ ಹಿಂಡಿ ತೆಗೆದ ನೀರು, ಅಂದರೆ ಸೆಂಟ್ರೇಟ್, ಮತ್ತೆ ಘಟಕದ ತಲೆಗೇ, ಕೊಳಚೆ ನೀರು ಒಳಬರುವ ಕಡೆಗೇ, ಹೋಗುತ್ತದೆ. ಹರಿವಿನಲ್ಲಿ ಅದರ ಪಾಲು 1 ಶೇಕಡಾ ಆಸುಪಾಸು, ಸಾರಜನಕದ (ಹೆಚ್ಚಿನದು ಅಮೋನಿಯಾ ರೂಪದಲ್ಲಿ) ಹೊರೆಯಲ್ಲಿ ಮಾತ್ರ 15ರಿಂದ 20 ಶೇಕಡಾ. ಊರು ಎದ್ದು ನೀರು ಬಳಸುವ ಹೊತ್ತಿಗೆ ಸರಿಯಾಗಿ ನಾವೂ ಯಂತ್ರ ಶುರು ಮಾಡಿದರೆ ಎರಡೂ ಅಮೋನಿಯಾ ಒಟ್ಟಿಗೆ ಗಾಳಿ ಊದುವ ಏರೇಶನ್ ಟ್ಯಾಂಕಿಗೆ ಬೀಳುತ್ತದೆ, ಆ ಹೊತ್ತಿಗೆ ಗಾಳಿ ಸಾಲುವುದಿಲ್ಲ. ಸೆಂಟ್ರೇಟನ್ನು ಹಿಡಿದಿಟ್ಟು ಹರಿವು ಕಡಿಮೆ ಇರುವ ರಾತ್ರಿ ಹೊತ್ತು ಬಿಡುವ ಟ್ಯಾಂಕನ್ನು ಕಟ್ಟಡದ ಅಂದಾಜಿನಲ್ಲೇ ಸೇರಿಸಿದೆ. ಖರ್ಚು ಕಡಿಮೆ ಮಾಡುವ ಸುತ್ತುಗಳಲ್ಲಿ ಪ್ರತಿ ಸಲವೂ ಮೊದಲು ಕತ್ತರಿ ಬೀಳುತ್ತಿದ್ದದ್ದು ಈ ಟ್ಯಾಂಕಿಗೆ. ಪ್ರತಿ ಸಲವೂ ಇದೇ ಲೆಕ್ಕ ತೋರಿಸಿ ಉಳಿಸಿಕೊಂಡೆ.

ನಕ್ಷೆ ಒಂದು ರೂಪಕ್ಕೆ ಬಂದ ಮೇಲೆ ಮಾಡಿದ ಒಂದು ಕೆಲಸವನ್ನು ವಿವರವಾಗಿ ಹೇಳಬೇಕು. ಘಟಕದ ಒಂದು ಖಾಲಿ ಶೆಡ್ಡಿನ ನೆಲದ ಮೇಲೆ ಪಂಪ್ ಕೋಣೆಯನ್ನು ಸೀಮೆಸುಣ್ಣದಿಂದ ನಿಜ ಅಳತೆಯಲ್ಲಿ ಬರೆದೆವು. ಗೋಡೆ, ಪಂಪು, ಪೈಪು, ಕವಾಟದ ಹಿಡಿ ಎಲ್ಲವೂ. ಆಮೇಲೆ ಫಿಟ್ಟರುಗಳನ್ನು, ಆಪರೇಟರುಗಳನ್ನು ಕರೆದು ಒಳಗೆ ಓಡಾಡಲು ಹೇಳಿದೆವು. ಕೆಸರಿಗೆ ಹಾಕುವ ಸ್ಕ್ರೂ ಪಂಪಿನ ಎದುರು ಹಿರಿಯ ಫಿಟ್ಟರ್ ಒಬ್ಬರು ಕುಕ್ಕರಗಾಲಲ್ಲಿ ಕೂತು, ರೋಟರ್ (ಒಳಗೆ ತಿರುಗುವ ದಂಡ) ಹೊರಗೆ ಎಳೆಯುವ ಹಾಗೆ ಕೈ ಚಾಚಿದರು. ಬೆನ್ನು ಗೋಡೆಯ ಗೆರೆಗೆ ತಾಗಿತು. "ಸಾರ್, ಇದನ್ನ ಯಾವ ಕಡೆ ಎಳೀಬೇಕು? ಇಲ್ಲಿ ಗೋಡೆ ಇದೆಯಲ್ಲ" ಎಂದರು. ಈ ಪಂಪಿನ ಸ್ಟೇಟರ್, ಅಂದರೆ ರೋಟರನ್ನು ಸುತ್ತುವರಿದ ತೋಳು, ರಬ್ಬರಿನದ್ದು, ಕೆಸರಿನಲ್ಲಿರುವ ಮರಳು ಅದನ್ನು ಸವೆಸುತ್ತಲೇ ಇರುತ್ತದೆ, ಬದಲಾಯಿಸುವ ಕೆಲಸ ತಪ್ಪುವುದಿಲ್ಲ. ಅದಕ್ಕೆ ಪಂಪಿನ ಉದ್ದದಷ್ಟೇ ಜಾಗ ಮುಂದೆ ಖಾಲಿ ಇರಬೇಕು. ಪಂಪುಗಳನ್ನೆಲ್ಲ ತಿರುಗಿಸಿ ನಡುದಾರಿಗೆ ಮುಖ ಮಾಡಿ ಇಟ್ಟೆವು. ಸೀಮೆಸುಣ್ಣ ಅಳಿಸಿ ಬರೆಯುವ ಖರ್ಚಿನಲ್ಲಿ ಮುಗಿದು ಹೋಯಿತು. ಕಾಂಕ್ರೀಟ್ ಬಿದ್ದ ಮೇಲೆ ಆ ಪ್ರಶ್ನೆಗೆ ಉತ್ತರವಿಲ್ಲ.

ಅಂದೇ ಆಪರೇಟರುಗಳು ಕೇಳಿದ ಇನ್ನೊಂದು ವಿಷಯ ಮಾದರಿ ತೆಗೆಯುವ ನಲ್ಲಿ. ಸೆಂಟ್ರೇಟ್ ಹೇಗಿದೆ ಎಂಬುದು ಮೀಟರಿಗಿಂತ ಮೊದಲು ಅವರ ಕಣ್ಣಿಗೆ ಗೊತ್ತಾಗುತ್ತದೆ. ತಿಳಿ ಚಹಾದ ಬಣ್ಣವಿದ್ದರೆ ಸರಿ, ಕಪ್ಪಗೆ ತಿರುಗಿ ಕದಡಿದರೆ ಘನ ತಪ್ಪಿಸಿಕೊಳ್ಳುತ್ತಿದೆ, ಬೆರಳಿಗೆ ಜಾರಿ ನೊರೆ ಕಟ್ಟಿದರೆ ಪಾಲಿಮರ್ (ಕೆಸರಿನ ಕಣಗಳು ಗಂಟು ಕಟ್ಟಲು ಹಾಕುವ ರಾಸಾಯನಿಕ) ಹೆಚ್ಚಾಗಿದೆ. ನಲ್ಲಿ ಕೆಳಗಿನ ಅಂತಸ್ತಿನಲ್ಲಿ, ಪಾಲಿಮರ್ ಹೊಂದಿಸುವ ಫಲಕ ಮೇಲೆ ಇದ್ದರೆ ಯಾರು ಎಷ್ಟು ಸಲ ಹತ್ತಿ ಇಳಿದಾರು? ಎರಡನ್ನೂ ಕೈಗೆಟುಕುವಷ್ಟು ಹತ್ತಿರ ತಂದು, ಎದೆಮಟ್ಟಕ್ಕೆ ಒಂದು ಸಿಂಕು, ಅದರ ಮೇಲೆ ಒಳ್ಳೆಯ ದೀಪ ಕೊಟ್ಟೆವು. ಆಪರೇಟರ್ ಸುಖವಾಗಿ ನೋಡಬಹುದಾದ ಜಾಗದಲ್ಲಿ ಪಾಲಿಮರ್ ಖರ್ಚು ಉಳಿಯುತ್ತದೆ ಎಂಬುದು ನನ್ನ ದೃಢ ನಂಬಿಕೆ. ಚೆಲ್ಲಿದ ಪಾಲಿಮರಿಗೆ ನೀರು ತಾಗಿದರೆ ನೆಲ ಮಂಜುಗಡ್ಡೆಯ ಹಾಗೆ ಜಾರುತ್ತದೆ. ಆ ಕೋಣೆಗೆ ಒರಟು ನೆಲ, ಸುತ್ತ ಕಟ್ಟೆ ಹಾಕಿ, ಪುಡಿಯ ಚೀಲ ಇಡುವ ಜಾಗವನ್ನು ತೊಳೆಯುವ ನೀರಿನಿಂದ ದೂರ ಇಟ್ಟೆವು.

ಸೆಂಟ್ರಿಫ್ಯೂಜುಗಳನ್ನು ಮೇಲಂತಸ್ತಿಗೆ ಏರಿಸಿದ್ದು ಕೇಕ್ ನೇರ ಕೆಳಗಿನ ಹಾಪರಿಗೆ (ಲಾರಿಗೆ ತುಂಬುವ ಮುನ್ನ ಕೇಕ್ ಹಿಡಿದಿಡುವ ತೊಟ್ಟಿ) ಬೀಳಲಿ ಎಂದು. ಕನ್ವೇಯರ್ ಉದ್ದವಾದಷ್ಟೂ ಸವೆತ, ಸೋರಿಕೆ, ವಾಸನೆ. ಆದರೆ ನಿಮಿಷಕ್ಕೆ 3000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಯಂತ್ರ ಮೇಲಿದ್ದರೆ ಅದರ ಅದುರಾಟಕ್ಕೆ ತಕ್ಕಂತೆ ಚಪ್ಪಡಿ ಇರಬೇಕು. ಹಾಗಾಗಿ ರಚನಾ ಇಂಜಿನಿಯರನ್ನು ಮೊದಲ ನಕ್ಷೆಯಿಂದಲೇ ಜೊತೆಗೆ ಕೂರಿಸಿಕೊಂಡೆ. ತಿರುಗುವ ಭಾಗವನ್ನು ಎತ್ತಿ ರಿಪೇರಿಗೆ ಕಳಿಸಲು ಮೇಲೆ ಕ್ರೇನ್, ಅದರ ಕೊಕ್ಕೆ ತಲುಪುವ ಕಡೆ ನೆಲದಲ್ಲಿ ತೆರೆಯುವ ಬಾಗಿಲು, ಅದರ ಕೆಳಗೆ ವಾಹನ ನಿಲ್ಲುವ ಜಾಗ, ಈ ಮೂರೂ ಒಂದೇ ನೇರದಲ್ಲಿರಬೇಕು.

ಗಾಳಿಯ ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿ ಆಗಲಿಲ್ಲ. ಹೈಡ್ರೋಜನ್ ಸಲ್ಫೈಡ್ 1 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಕಡಿಮೆ ಇದ್ದಾಗಲೇ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. 100 ಪಿಪಿಎಂ ಹತ್ತಿರ ಬಂದಾಗ ಮೂಗೇ ಸೋತು ವಾಸನೆ ತಿಳಿಯದಂತಾಗುತ್ತದೆ. ವಾಸನೆ ಹೋಯಿತು ಎಂದು ಒಳಗೆ ಇಳಿದವರು ಪ್ರಾಣ ಬಿಟ್ಟಿರುವುದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ಗಾಳಿಗಿಂತ ಭಾರವಾದ ಅನಿಲ ಅದು, ತಗ್ಗಿನಲ್ಲಿ ನಿಲ್ಲುತ್ತದೆ. ಡೈಜೆಸ್ಟರ್ ಅನಿಲದ ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಬೆರೆತರೆ ಕಿಡಿ ಸಾಕು. ಅದಕ್ಕೇ ಕೆಸರಿನ ಕೋಣೆಗಳಿಂದ ಗಾಳಿ ಎಳೆದು, ಆಪರೇಟರ್ ಕೋಣೆಗೂ ವಿದ್ಯುತ್ ಫಲಕದ ಕೋಣೆಗೂ ಶುದ್ಧ ಗಾಳಿ ಒತ್ತಿದೆವು. ಫಲಕದ ಕೋಣೆಗೆ ಏಕೆಂದರೆ ಈ ಅನಿಲ ತಾಮ್ರವನ್ನು ತಿನ್ನುತ್ತದೆ. ಎಳೆದ ಗಾಳಿಯನ್ನೆಲ್ಲ ಜೈವಿಕ ಶೋಧಕದಲ್ಲಿ ತೊಳೆಯಬೇಕಾದ್ದರಿಂದ ಪ್ರತಿ ಘನ ಮೀಟರಿಗೂ ಬೆಲೆಯಿದೆ. 20 ಮೀಟರ್ ಉದ್ದ, 8 ಅಗಲ, 8 ಎತ್ತರದ ಲಾರಿ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಯಿಸಿದರೆ 15,360 ಘನ ಮೀಟರ್. ಕೇಕ್ ಬೀಳುವ ಬಾಯಿಯನ್ನೇ ಮುಚ್ಚಿ ಅಲ್ಲಿಂದಲೇ ಎಳೆದರೆ ವಾಸನೆಯ ಬಹುಪಾಲು ಕೋಣೆಗೆ ಹರಡುವ ಮುಂಚೆಯೇ ಸಿಗುತ್ತದೆ. ಲಾರಿ ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ನೇರ ಹೋಗುವಂತೆ ಮಾಡಿ, ಎರಡೂ ಬಾಗಿಲು ಮುಚ್ಚದೆ ಕೇಕ್ ಬೀಳದ ಹಾಗೆ ಕೊಂಡಿ ಹಾಕಿದೆವು. ಬೇಲಿಯಾಚೆ ಮನೆ ಮಾಡಿಕೊಂಡಿರುವವರಿಗೆ ನಾವು ಕೊಡಬೇಕಾದ ಕನಿಷ್ಠ ಮರ್ಯಾದೆ ಅದು.

ಸೆಂಟ್ರೇಟ್ ಪೈಪುಗಳ ಬಗ್ಗೆ ಒಂದು ಮಾತು. ನೀರು ರಭಸವಾಗಿ ಬಿದ್ದಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರುತ್ತದೆ. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಸ್ಟ್ರುವೈಟ್ ಎಂಬ ಹರಳು ಗೋಡೆಗೆ ಕಟ್ಟುತ್ತದೆ. ಕಟ್ಟುವುದು ತಿರುವುಗಳಲ್ಲೇ ಹೆಚ್ಚು. ತಿರುವು ಕಡಿಮೆ ಮಾಡಿ, ಬಿಚ್ಚಿ ತೊಳೆಯಲು ಅಲ್ಲಲ್ಲಿ ಫ್ಲಾಂಜ್ ಇಟ್ಟು, ಯಾವ ಪೈಪನ್ನೂ ಕಾಂಕ್ರೀಟಿನಲ್ಲಿ ಹೂಳಲಿಲ್ಲ.

ಒಣಗಿಸುವ ಯಂತ್ರ ಈಗಲೇ ಹಾಕಿ ಎಂಬ ಒತ್ತಡವಿತ್ತು. 90 ಶೇಕಡಾ ಒಣಗಿದ ಪುಡಿ ಹೊರುವುದು ಸುಲಭ. ಆದರೆ ಅದರ ದೂಳು ಸ್ಫೋಟಿಸಬಲ್ಲದು, ರಾಶಿ ತನ್ನೊಳಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅದನ್ನು ನಡೆಸಲು ಬೇರೆಯೇ ತರಬೇತಿ ಪಡೆದ ತಂಡ ಬೇಕು. ಪಕ್ಕದಲ್ಲಿ ಜಾಗ ಬಿಟ್ಟು, ಆ ಕಡೆಯ ಗೋಡೆಯನ್ನು ಬಿಚ್ಚಬಹುದಾದ ಹಲಗೆಗಳಲ್ಲಿ ಕಟ್ಟಿ, ವಿದ್ಯುತ್ ಸಾಮರ್ಥ್ಯ ಕಾದಿರಿಸಿ ಮುಂದಿನವರಿಗೆ ಬಿಟ್ಟೆ.

ಟೆಂಡರಿನಲ್ಲಿ ನಾನು ಅಕ್ಷರ ಅಕ್ಷರ ತಿದ್ದಿದ ಭಾಗ ಖಾತ್ರಿ ಪರೀಕ್ಷೆಯದು. ಕೇಕ್ ಎಷ್ಟು ಒಣಗಿರಬೇಕು, ಘನದಲ್ಲಿ ಎಷ್ಟು ಪಾಲು ಹಿಡಿಯಬೇಕು, ಟನ್ನಿಗೆ ಎಷ್ಟು ಪಾಲಿಮರ್, ಈ ಮೂರನ್ನೂ ಒಂದೇ ಓಟದಲ್ಲಿ, ಪೂರ್ಣ ಹರಿವಿನಲ್ಲಿ, ನಮ್ಮದೇ ಕೆಸರಿನಲ್ಲಿ ತೋರಿಸಬೇಕು ಎಂದು ಬರೆದೆ. ಬೇರೆ ಬೇರೆಯಾಗಿ ಕೇಳಿದರೆ ಯಾವ ಯಂತ್ರವೂ ಪಾಸಾಗುತ್ತದೆ. ಪಾಲಿಮರ್ ಸುರಿದರೆ ಕೇಕ್ ಒಣಗುತ್ತದೆ, ಹರಿವು ಇಳಿಸಿದರೆ ಸೆಂಟ್ರೇಟ್ ತಿಳಿಯಾಗುತ್ತದೆ. ಪರೀಕ್ಷೆಯ ಮಾದರಿಗಳನ್ನು ಘಟಕದ ಸ್ವಂತ ಪ್ರಯೋಗಾಲಯ ತೆಗೆಯಬೇಕು, ಹಳೆಯ ಯಂತ್ರಗಳು ಆ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಸಹಿ ಬೀಳುವ ತನಕ ಓಡುವ ಸ್ಥಿತಿಯಲ್ಲೇ ಇರಬೇಕು ಎಂಬ ಷರತ್ತೂ ಅದರ ಜೊತೆಗೇ ಸೇರಿತು.