ಹಳೆಯ ಝೆನ್‌ಗೆ ಹೊಸ ರಿಮೋಟ್ ಹೊಂದಿಸಿದ್ದು

ನಮ್ಮ ಮನೆಯಲ್ಲಿರುವುದು 2001ರ ಮಾರುತಿ ಝೆನ್. ಹದಿನೈದು ವರ್ಷ ಮುಗಿದ ಮೇಲೆ ಎಫ್‌ಸಿ ಮಾಡಿಸಿ, ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡಿಸುತ್ತಿದ್ದೇವೆ. ಎಂಜಿನ್ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ತಕರಾರು ಅಲಾರಂದು. ಅದು ಗಾಡಿಯ ಜೊತೆ ಬಂದದ್ದಲ್ಲ. ಹೊಸತರಲ್ಲಿ ಅಪ್ಪ ಆಕ್ಸೆಸರೀಸ್ ಅಂಗಡಿಯಲ್ಲಿ ಸೆಂಟ್ರಲ್ ಲಾಕ್ ಜೊತೆಗೆ ಹಾಕಿಸಿದ ಕಿಟ್. ಎರಡು ರಿಮೋಟ್ ಕೊಟ್ಟಿದ್ದರು. ಒಂದು ಯಾವುದೋ ಮದುವೆ ಮನೆಯಲ್ಲಿ ಕಳೆದುಹೋಯಿತು. ಇನ್ನೊಂದರ ರಬ್ಬರ್ ಬಟನ್ ಹರಿದು, ಪೆನ್ನಿನ ತುದಿಯಲ್ಲಿ ಒತ್ತುವ ಹಾಗಾಗಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಎಲ್ಲ ಕಡೆಯೂ ಒಂದೇ ಉತ್ತರ: "ಇದು ಈಗ ಬರಲ್ಲ ಸಾರ್, ಹೊಸ ಕಿಟ್ ಹಾಕಿಸಿಬಿಡಿ." ಹೊಸ ಕಿಟ್ ಹಾಕಿಸಬಹುದಿತ್ತು. ಆದರೆ ಹಳೆಯದನ್ನು ಕಿತ್ತು ಹೊಸದು ಕೂರಿಸುವಾಗ ಡ್ಯಾಶ್‌ಬೋರ್ಡ್ ಕೆಳಗಿನ ವೈರುಗಳನ್ನು ಮತ್ತೆ ಕತ್ತರಿಸಿ ಟೇಪ್ ಸುತ್ತುತ್ತಾರೆ. ಇಪ್ಪತ್ತು ವರ್ಷ ದಾಟಿದ ವೈರಿಂಗ್‌ಗೆ ಅದು ಬೇಡ ಅನ್ನಿಸಿತು. ರಿಮೋಟ್ ಮಾತ್ರ ಸಿಕ್ಕರೆ ಸಾಕಿತ್ತು.

ಮೊದಲು ಮಾಡಿದ ಕೆಲಸ ಉಳಿದಿದ್ದ ರಿಮೋಟ್ ಬಿಚ್ಚಿದ್ದು. ಹಿಂದೆ ಒಂದೇ ಸಣ್ಣ ಸ್ಕ್ರೂ. ಒಳಗೆ 23ಎ ಅನ್ನುವ 12 ವೋಲ್ಟಿನ ಗಿಡ್ಡ ಸೆಲ್. ಅದರ ಪಕ್ಕ ಗುಂಡಗಿನ ಲೋಹದ ಡಬ್ಬಿಯಂಥ ಒಂದು ಭಾಗ, ರಿಮೋಟ್ ಕಳಿಸುವ ತರಂಗವನ್ನು 433 ಮೆಗಾಹರ್ಟ್ಸ್‌ನಲ್ಲೇ ಹಿಡಿದಿಡುವುದು ಅದೇ. ಮತ್ತೆ ಎಂಟು ಕಾಲಿನ ಒಂದು ಐಸಿ, ಅಂದರೆ ಚಿಪ್. ಲೆನ್ಸ್ ಹಿಡಿದು ನೋಡಿದರೆ ಅದರ ಮೇಲೆ ಎಚ್‌ಸಿಎಸ್301 ಅಂತ ಸವೆದ ಅಕ್ಷರ ಕಂಡಿತು.

ಆ ಒಂದು ನಂಬರ್ ಸಿಕ್ಕಿದ್ದರಿಂದ ಅರ್ಧ ಗೊಂದಲ ಹೋಯಿತು. ಹಳೆಯ ರಿಮೋಟ್‌ಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಪಿಟಿ2262 ಥರದ ಐಸಿ ಇದ್ದರೆ ಪ್ರತಿ ಸಲ ಒತ್ತಿದಾಗಲೂ ಒಂದೇ ಕೋಡ್ ಹೋಗುತ್ತದೆ. ಅಂಥದ್ದನ್ನು ಅಗ್ಗದ ಕಾಪಿ ರಿಮೋಟ್ ಎದುರಿಗೆ ಹಿಡಿದು ಸಲೀಸಾಗಿ ನಕಲು ಮಾಡಬಹುದು. ಕಳ್ಳನೂ ಮಾಡಬಹುದು, ಅದು ಬೇರೆ ಮಾತು. ಎಚ್‌ಸಿಎಸ್301 ಹಾಗಲ್ಲ. ಅದರಲ್ಲಿರುವುದು ಕೀಲಾಕ್ ಅನ್ನುವ ಪದ್ಧತಿ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದನ್ನು 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. ಇದರಲ್ಲಿ ಬಟನ್ ಒತ್ತಿದ ಹಾಗೆಲ್ಲ ಒಳಗಿನ ಎಣಿಕೆ ಒಂದು ಹೆಚ್ಚುತ್ತದೆ, ಕೋಡ್ ಬದಲಾಗುತ್ತದೆ. ಹರಿದು ಬಿಸಾಕಿದ ಕ್ಯಾಲೆಂಡರ್ ಹಾಳೆಯ ಹಾಗೆ, ಒಮ್ಮೆ ಬಳಸಿದ ಕೋಡ್ ಮತ್ತೆ ಚಲಾವಣೆಗೆ ಬರುವುದಿಲ್ಲ. ಹಾಗಾಗಿ ಕಾಪಿ ರಿಮೋಟ್ ಇಲ್ಲಿ ಸುಮ್ನೆ ದುಡ್ಡು ದಂಡ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ, ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ. ಒಳಗಿನ ಐಸಿ ಅದೇ ಆಗಿದ್ದರೆ ಸಾಲದು. ಕಿಟ್ ತಯಾರಿಸಿದವರು ತಮ್ಮದೇ ಒಂದು ಗುಪ್ತ ಸಂಖ್ಯೆ ಇಟ್ಟುಕೊಂಡು ಪ್ರತಿ ರಿಮೋಟ್‌ನ ಐಸಿಯಲ್ಲಿ ಕೀ ತುಂಬಿರುತ್ತಾರೆ. ಬೇರೆ ಕಂಪನಿಯ ರಿಮೋಟ್‌ನಲ್ಲೂ ಎಚ್‌ಸಿಎಸ್301 ಇರಬಹುದು, ನೋಡಲು ಅಣ್ಣತಮ್ಮಂದಿರಂತೆಯೂ ಇರಬಹುದು. ನಮ್ಮ ಕಿಟ್ ಅದರ ಕೋಡನ್ನು ಬಿಡಿಸಲಾರದು. ಆದ್ದರಿಂದ ರಿಮೋಟ್‌ನ ಚಿತ್ರ ಇಟ್ಟುಕೊಂಡು ಹುಡುಕಬಾರದು. ಕಿಟ್‌ನ ಮಾಡೆಲ್ ನಂಬರ್ ಇಟ್ಟುಕೊಂಡು ಹುಡುಕಬೇಕು.

ಆ ನಂಬರ್ ಇರುವುದು ಗಾಡಿಯಲ್ಲಿ ಕೂರಿಸಿರುವ ಕಿಟ್‌ನ ಮುಖ್ಯ ಡಬ್ಬಿಯ ಮೇಲೆ, ಆ ಡಬ್ಬಿ ಇರುವುದು ಡ್ಯಾಶ್‌ಬೋರ್ಡ್ ಒಳಗೆ. ಡ್ಯಾಶ್‌ಬೋರ್ಡ್ ಮೇಲೆ ಮಿನುಗುವ ಕೆಂಪು ದೀಪದ ವೈರ್ ಹಿಡಿದು ಹೋದರೆ ಸೀದಾ ಅಲ್ಲಿಗೆ ತಲುಪುತ್ತೇವೆ. ನಮ್ಮದು ಕ್ಲಚ್ ಪೆಡಲ್ ಮೇಲ್ಗಡೆ, ಸ್ಟೀರಿಂಗ್ ಕೊಳವೆಯ ಪಕ್ಕ ಪ್ಲಾಸ್ಟಿಕ್ ಟ್ಯಾಗ್‌ನಲ್ಲಿ ಕಟ್ಟಿದ್ದ ಕಪ್ಪು ಡಬ್ಬಿ. ಕಾಲು ಹೊರಗೆ, ತಲೆ ಪೆಡಲ್ ಕೆಳಗೆ ಹಾಕಿ ಮಲಗಿಕೊಂಡು ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಸ್ಟಿಕ್ಕರ್ ಓದಲು ಬಂತು. ಅಲ್ಲೇ ಹತ್ತಿರದಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಪುಶ್ ಸ್ವಿಚ್ ಕೂಡ ಸಿಕ್ಕಿತು. ಅದು ವ್ಯಾಲೆ ಸ್ವಿಚ್. ರಿಮೋಟ್ ಪೂರ್ತಿ ಸತ್ತುಹೋದರೆ ಕೀಲಿಯಲ್ಲಿ ಬಾಗಿಲು ತೆಗೆದು, ಇಗ್ನಿಷನ್ ಆನ್ ಮಾಡಿ, ಇದನ್ನು ಒತ್ತಿ ಸೈರನ್ ಬಾಯಿ ಮುಚ್ಚಿಸಬಹುದು. ಈ ಥರದ ಕಿಟ್‌ಗಳು ರಿಲೇ ಅನ್ನುವ ವಿದ್ಯುತ್ ಸ್ವಿಚ್ ಮೂಲಕ ಎಂಜಿನ್ ಸ್ಟಾರ್ಟ್ ಆಗುವುದನ್ನೂ ತಡೆಯುತ್ತವೆ. ಹಾಗಾಗಿ ಈ ಸ್ವಿಚ್ ಎಲ್ಲಿದೆ ಅಂತ ಗೊತ್ತಿಲ್ಲದೆ ಹಳೆ ಅಲಾರಂ ಇರುವ ಗಾಡಿಯಲ್ಲಿ ದೂರದ ಊರಿಗೆ ಹೊರಡುವುದು ಧೈರ್ಯದ ಕೆಲಸ!

ರಿಮೋಟ್ ಕೊನೆಗೆ ಸಿಕ್ಕಿದ್ದು ಒಬ್ಬ ಹಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಅವರು ಬೇರೆ ಗಾಡಿಗಳಿಂದ ಬಿಚ್ಚಿದ ಕಿಟ್‌ಗಳ ರಿಮೋಟ್‌ಗಳನ್ನು ಬಿಸ್ಕತ್ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಸ್ಟಿಕ್ಕರ್ ಫೋಟೋ ತೋರಿಸಿದೆ. ಡಬ್ಬಿ ಸುರಿದು ಹುಡುಕಿ ಒಂದನ್ನು ತೆಗೆದು, "ತಗೊಳ್ಳಿ ಸಾರ್, ಗಾಡಿ ಒಪ್ಪಿದ್ರೆ ದುಡ್ಡು ಕೊಡಿ, ಇಲ್ಲಾಂದ್ರೆ ವಾಪಸ್ ತಂದ್ಕೊಡಿ" ಅಂದರು. ಬೇರೆ ಗಾಡಿಯಲ್ಲಿ ಬಳಸಿದ್ದು ನಡೆಯುತ್ತಾ ಅಂತ ಅನುಮಾನ ಬರಬಹುದು. ನಡೆಯುತ್ತದೆ. ರಿಮೋಟ್ ಹೊಂದಿಸುವಾಗ, ಅಂದರೆ ಕಿಟ್ ಅದನ್ನು ಕಲಿಯುವಾಗ, ಆ ರಿಮೋಟ್‌ನ ಸೀರಿಯಲ್ ನಂಬರನ್ನೂ ಆಗಿನ ಎಣಿಕೆಯನ್ನೂ ಬರೆದುಕೊಳ್ಳುತ್ತದೆ. ಹಿಂದೆ ಅದು ಯಾರ ಗಾಡಿ ತೆರೆಯುತ್ತಿತ್ತು ಅನ್ನುವುದು ಅದಕ್ಕೆ ಬೇಕಿಲ್ಲ.

ಇನ್ನು ಪ್ರೋಗ್ರಾಮಿಂಗ್. ಇಷ್ಟೆಲ್ಲ ಅಲೆದ ಮೇಲೆ ಅದು ಎರಡು ನಿಮಿಷದ ಕೆಲಸ. ಹೊಸ ಸೆಲ್ ಹಾಕಿದೆ. ಅಲಾರಂ ಆಫ್ ಮಾಡಿ, ಒಳಗೆ ಕೂತು ಬಾಗಿಲು ಹಾಕಿಕೊಂಡೆ. ಇಗ್ನಿಷನ್ ಆನ್, ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಡಬ್ಬಿಯ ಬದಿಯಲ್ಲಿರುವ ಪುಟ್ಟ ಲರ್ನ್ ಬಟನ್ ಒತ್ತಿ ಹಿಡಿದೆ. ಮಿನುಗುತ್ತಿದ್ದ ಕೆಂಪು ದೀಪ ಒಂದೇ ಸಮ ಉರಿಯತೊಡಗಿತು. ಹೊಸ ರಿಮೋಟ್‌ನ ಬಟನ್ ಒತ್ತಿದೆ. ಬಾನೆಟ್ ಒಳಗಿಂದ ಸೈರನ್ "ಕುಂಯ್" ಅಂತ ಒಂದು ಸಲ ಕೂಗಿತು. ಅಷ್ಟೇ. ನಿಮ್ಮ ಕಿಟ್‌ನಲ್ಲಿ ಲರ್ನ್ ಬಟನ್ ಇಲ್ಲದಿರಬಹುದು. ಎಷ್ಟೋ ಕಿಟ್‌ಗಳಲ್ಲಿ ವ್ಯಾಲೆ ಸ್ವಿಚ್ಚನ್ನೇ ಇಂತಿಷ್ಟು ಸಲ ಒತ್ತಬೇಕು. ಎಷ್ಟು ಸಲ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅಂದಾಜಿನ ಮೇಲೆ ಒತ್ತುತ್ತಾ ಹೋಗಬೇಡಿ, ಬೇರೆ ಯಾವುದೋ ಸೆಟ್ಟಿಂಗ್ ಬದಲಾಗಿ ಕೂತರೆ ಕಷ್ಟ.

ಇಲ್ಲಿಗೇ ಬಿಡಬಹುದಿತ್ತು. ಆದರೆ ಮದುವೆ ಮನೆಯಲ್ಲಿ ಹೋದ ರಿಮೋಟ್ ಇನ್ನೂ ಕಿಟ್‌ನ ನೆನಪಿನಲ್ಲಿ ಇದೆ ಅಲ್ವಾ? ನಮ್ಮ ಕಿಟ್ ನಾಲ್ಕು ರಿಮೋಟ್ ನೆನಪಿಟ್ಟುಕೊಳ್ಳುತ್ತದೆ. ಐದನೆಯದು ಬಂದರೆ ಎಲ್ಲಕ್ಕಿಂತ ಹಳೆಯದನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಹೊಸ ರಿಮೋಟ್ ಒಂದನ್ನೇ ಮತ್ತೆ ಮತ್ತೆ ಕಲಿಸಿ ನಾಲ್ಕೂ ಜಾಗ ತುಂಬಿಸಿದೆ. ಕೆಲವು ಕಿಟ್‌ಗಳು ಒಂದೇ ರಿಮೋಟನ್ನು ಎರಡನೇ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮದು ತೆಗೆದುಕೊಂಡಿದೆಯಾ ಅಂತ ತಿಳಿಯಲು ನಮ್ಮ ಹಳೆಯ ಹರಿದ ರಿಮೋಟ್ ಒತ್ತಿ ನೋಡಿದೆ. ಗಾಡಿ ಉಸಿರೆತ್ತಲಿಲ್ಲ. ಅದು ಹೋಗಿದೆ ಅಂದರೆ ಜಾಗ ತುಂಬಿದೆ, ಕಳೆದದ್ದೂ ಹೋಗಿದೆ. ಆಮೇಲೆ ಹಳೆಯದನ್ನು ಮತ್ತೆ ಕಲಿಸಿಕೊಂಡೆ.

ಒಂದು ಎಚ್ಚರಿಕೆ. ಇದೆಲ್ಲ ಹೊರಗಿನಿಂದ ಹಾಕಿಸಿದ ಅಲಾರಂನ ಮಾತು. ಮಾರುತಿಯ ಐಕ್ಯಾಟ್ಸ್ ಥರದ ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದಿದ್ದರೆ ಎಂಜಿನ್ ಹತ್ತದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಕೀಲಿಯ ತಲೆಯೊಳಗೇ ಒಂದು ಚಿಪ್ ಇರುತ್ತದೆ. ಅದಕ್ಕೂ ಬಾಗಿಲಿನ ರಿಮೋಟ್‌ಗೂ ಸಂಬಂಧ ಇಲ್ಲ. ರಿಮೋಟ್ ಕೆಲಸ ಮಾಡಿಯೂ ಎಂಜಿನ್ ಹತ್ತದಿದ್ದರೆ ಆ ಚಿಪ್ ಕಡೆ ನೋಡಬೇಕು. ಅದು ಡಯಾಗ್ನೋಸ್ಟಿಕ್ ಉಪಕರಣ ಇದ್ದವರ ಕೆಲಸ.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನೂ ತಿಳಿದಿರಿ. ಗಾಡಿ ಹತ್ತಿರ ಇಲ್ಲದಾಗ ರಿಮೋಟನ್ನು ಸುಮ್ಮಸುಮ್ಮನೆ ಒತ್ತುತ್ತಾ ಇದ್ದರೆ ಅದರ ಎಣಿಕೆ ಮುಂದೆ ಓಡುತ್ತದೆ, ಕಿಟ್ ಹಿಂದೆ ಉಳಿಯುತ್ತದೆ. ಮೈಕ್ರೋಚಿಪ್‌ನ ಪದ್ಧತಿಯಲ್ಲಿ ಹದಿನಾರರ ಒಳಗಿನ ವ್ಯತ್ಯಾಸಕ್ಕೆ ಕಿಟ್ ತಕರಾರು ಮಾಡುವುದಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಗಾಡಿ ಪಕ್ಕ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಮತ್ತೆ ಹೊಂದಿಕೊಳ್ಳುತ್ತದೆ. "ಎರಡು ಸಲ ಒತ್ತಿದ್ರೆ ಸರಿಹೋಗತ್ತೆ" ಅನ್ನುವ ಮೆಕಾನಿಕ್ ಮಾತಿನ ಹಿಂದೆ ಇರುವುದು ಇದೇ. ಸೆಲ್ ಬದಲಾಯಿಸಿದರೆ ಮತ್ತೆ ಕಲಿಸಬೇಕು ಅನ್ನುವುದು ಮಾತ್ರ ಸುಳ್ಳು. ಸೆಲ್ ತೆಗೆದರೂ ಈ ಐಸಿಯಲ್ಲಿ ಎಣಿಕೆ ಅಳಿಯುವುದಿಲ್ಲ.

ಡಬ್ಬಿಯ ಹತ್ತಿರ ಮಲಗಿದ್ದಾಗಲೇ ಮಾಡಿದ ಇನ್ನೊಂದು ಕೆಲಸದಿಂದ ನಿಜವಾದ ಲಾಭ ಆಯಿತು. ಡಬ್ಬಿಯಿಂದ ಎಲ್ಲಿಗೂ ಸೇರದ ಒಂದು ತೆಳು ವೈರ್ ಹೊರಗೆ ಬಂದಿರುತ್ತದೆ, ಅದು ಆಂಟೆನಾ. 433 ಮೆಗಾಹರ್ಟ್ಸ್‌ಗೆ ಅದರ ಉದ್ದ ಸುಮಾರು 17 ಸೆಂಟಿಮೀಟರ್. ಅಂದು ಕಿಟ್ ಕೂರಿಸಿದವರು ಅದನ್ನು ಸುರುಳಿ ಸುತ್ತಿ ಬೇರೆ ವೈರುಗಳ ಜೊತೆ ಬಿಗಿದು ಕಟ್ಟಿಬಿಟ್ಟಿದ್ದರು. ಟ್ಯಾಗ್ ಕತ್ತರಿಸಿ, ನೇರ ಮಾಡಿ, ಲೋಹ ತಾಗದ ಹಾಗೆ ಡ್ಯಾಶ್‌ಬೋರ್ಡ್‌ನ ಪ್ಲಾಸ್ಟಿಕ್ ಅಂಚಿಗೆ ಟೇಪ್ ಹಾಕಿದೆ. ಮೊದಲೆಲ್ಲ ಬಾಗಿಲ ಹತ್ತಿರವೇ ಹೋಗಿ ಒತ್ತಬೇಕಿತ್ತು. ಈಗ ಅಪ್ಪ ಮೊದಲನೇ ಮಹಡಿಯ ಬಾಲ್ಕನಿಯಿಂದಲೇ ಲಾಕ್ ಮಾಡುತ್ತಾರೆ.